ಪಂಕ್ಚರ್ ಹಾಕುವುದು ಅವಿದ್ಯಾವಂತರ ಕೆಲಸವೇ?

"ಓದದಿದ್ದರೆ ಪಂಕ್ಚರ್ ಅಂಗಡಿ ಹಾಕಿಕೊಳ್ಳಬೇಕಾಗುತ್ತದೆ." ಶಾಲೆಯ ಸ್ಟಾಫ್ ರೂಮಿನಲ್ಲಿ, ಮನೆಯ ಜಗಲಿಯಲ್ಲಿ ಈ ಮಾತನ್ನು ಕೇಳದೆ ಬೆಳೆದ ಮಕ್ಕಳು ಕಡಿಮೆ. ಹಿಂದೆ "ದನ ಕಾಯಲು ಹೋಗು" ಎನ್ನುತ್ತಿದ್ದರು. ದನಗಳು ಕಡಿಮೆಯಾಗಿ ವಾಹನಗಳು ಹೆಚ್ಚಿದ ಮೇಲೆ ಬೈಗುಳವೂ ಕಾಲಕ್ಕೆ ತಕ್ಕಂತೆ ಬದಲಾಯಿತು. ಎರಡರ ಹಿಂದಿರುವ ತಿರಸ್ಕಾರ ಮಾತ್ರ ಒಂದೇ. ಕೈಯಲ್ಲಿ ಮಾಡುವ ಕೆಲಸಕ್ಕೆ ತಲೆ ಬೇಕಿಲ್ಲ ಎಂಬ ನಂಬಿಕೆ ಅದು. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದವನಾಗಿ ನಾನು ಹೇಳಬೇಕಾದದ್ದು ಇಷ್ಟು: ಈ ಮಾತು ಸುಳ್ಳು, ಸುಳ್ಳಾಗಿರುವುದರ ಜೊತೆಗೆ ಅಪಾಯಕಾರಿ. ಇದನ್ನು ತೋರಿಸಲು ದೊಡ್ಡ ಸಿದ್ಧಾಂತಗಳೇನೂ ಬೇಕಿಲ್ಲ. ಒಂದು ಟೈರು ಸಾಕು.

ತರೀಕೆರೆ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ನಾಲಿಗೆ ತೊಡರಿಸುವ ಆಟದ ಕೆರೆ ಏರಿ ಮತ್ತು ಕರಿ ಕುರಿಮರಿಗಳು. ಈಗ ಆ ಏರಿಯ ಊರಿನ ಮೂಲಕ ಹಾದುಹೋಗುವುದು ಹೆದ್ದಾರಿ. ಹಿಂದೆ 206 ಎಂಬ ಸಂಖ್ಯೆಯಿದ್ದ, ಈಗ 69 ಎಂದು ಕರೆಯಲ್ಪಡುವ ಈ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಡೂರು, ಬೀರೂರುಗಳ ಕಡೆಯಿಂದ ಬರುವ ವಾಹನಗಳು ತರೀಕೆರೆ ದಾಟಿ ಭದ್ರಾವತಿ, ಶಿವಮೊಗ್ಗಗಳಿಗೆ ಹೋಗುತ್ತವೆ. ಲಿಂಗದಹಳ್ಳಿಯ ದಾರಿ ಹಿಡಿದರೆ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ. ಇತ್ತ ಲಕ್ಕವಳ್ಳಿಯ ಭದ್ರಾ ಜಲಾಶಯ. ಅತ್ತ ಹೊಯ್ಸಳರ ಕಾಲದ, 1196ರ ಅಮೃತಪುರದ ದೇವಾಲಯ. ಶನಿವಾರ, ಭಾನುವಾರ ಬಂತೆಂದರೆ ಬೆಂಗಳೂರಿನ ಕಾರುಗಳ ಸಾಲು. ಅವುಗಳಲ್ಲಿ ಕೆಲವು ಕಾರುಗಳ ಚಕ್ರಗಳಲ್ಲಿ ನಮ್ಮ ರಸ್ತೆಬದಿಯ ಅಂಗಡಿಗಳು ಕಂಡರಿಯದ ಟೈರುಗಳಿರುತ್ತವೆ. ಅವುಗಳ ಹೆಸರು ರನ್‌ಫ್ಲಾಟ್.

ಹೆಸರೇ ಹೇಳುವಂತೆ ಇವು ಗಾಳಿ ಹೋದರೂ ಓಡುವ ಟೈರುಗಳು. ಸಾಮಾನ್ಯ ಟೈರಿನಲ್ಲಿ ಕಾರಿನ ಭಾರವನ್ನು ಹೊರುವುದು ಒಳಗಿನ ಗಾಳಿ. ಗಾಳಿ ಹೋದರೆ ಪಕ್ಕೆ ಕುಸಿದು ರಿಮ್ಮು ನೆಲಕ್ಕೆ ಬಡಿಯುತ್ತದೆ. ರನ್‌ಫ್ಲಾಟ್ ಟೈರಿನ ಪಕ್ಕೆಯೊಳಗೆ ದಪ್ಪ ರಬ್ಬರಿನ ಇನ್ನೊಂದು ಪದರವಿರುತ್ತದೆ. ಗಾಳಿ ಇಲ್ಲದಾಗ ಆ ಪಕ್ಕೆಯೇ ಭಾರವನ್ನು ಹೊರುತ್ತದೆ. ಹೀಗೆ ಗಂಟೆಗೆ 80 ಕಿಲೋಮೀಟರಿಗೆ ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಹೋಗಬಹುದೆಂಬುದು ಸಾಮಾನ್ಯವಾಗಿ ತಯಾರಕರು ಕೊಡುವ ಮಿತಿ. 2007ರಲ್ಲಿ ಬಿಎಂಡಬ್ಲ್ಯು ಕಂಪನಿ ಚೆನ್ನೈ ಬಳಿ ಕಾರು ಜೋಡಿಸಲು ಆರಂಭಿಸಿದ ಮೇಲೆ ಇಂಥ ಟೈರುಗಳು ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣಿಸಿಕೊಂಡವು. ಇವುಗಳನ್ನು ಹಾಕಿದ ಕಾರುಗಳಲ್ಲಿ ಅನೇಕವಕ್ಕೆ ಸ್ಟೆಪ್ನಿಯೇ ಇಲ್ಲ.

ಈಗ ಲೆಕ್ಕ ಹಾಕಿ. ಕೆಮ್ಮಣ್ಣುಗುಂಡಿಯ ದಾರಿಯಲ್ಲಿ ಕಲ್ಲು ಬಡಿದು ಗಾಳಿ ಹೋಯಿತೆನ್ನಿ. 80 ಕಿಲೋಮೀಟರಿನೊಳಗೆ ತರೀಕೆರೆ ಸಿಗುತ್ತದೆ, ಚಿಕ್ಕಮಗಳೂರು ಸಿಗುತ್ತದೆ, ಶಿವಮೊಗ್ಗ ಸಿಗುತ್ತದೆ. ಇನ್ನೂರು ಕಿಲೋಮೀಟರಿಗೂ ಆಚೆಯ ಬೆಂಗಳೂರು ಸಿಗುವುದಿಲ್ಲ. ಆದ್ದರಿಂದ ಜರ್ಮನಿಯಲ್ಲಿ ರೂಪುಗೊಂಡ ಕಾರಿನ ಟೈರು ಕೊನೆಗೆ ಬಂದು ನಿಲ್ಲುವುದು ಹೆದ್ದಾರಿಯ ಪಕ್ಕದ ತಗಡಿನ ಸೂರಿನ ಅಂಗಡಿಯ ಮುಂದೆ. ಅಲ್ಲಿ ಒಬ್ಬ ಹುಡುಗ, ಒಂದು ಕಂಪ್ರೆಸರ್, ಎರಡು ಲಿವರು, ಒಂದು ಸುತ್ತಿಗೆ. "ಬೇಗ ಹಾಕಿಕೊಡಪ್ಪಾ" ಎಂಬ ಆಜ್ಞೆ ಕಾರಿನ ಕಿಟಕಿಯಿಂದಲೇ ಬರುತ್ತದೆ.

ಆ ಹುಡುಗ ಎದುರಿಸುವ ಸಮಸ್ಯೆ ಎಂಥದೆಂಬುದನ್ನು ಬೈಯುವವರು ತಿಳಿದಿರಬೇಕು. ಟೈರಿನ ಒಳ ಅಂಚಿಗೆ ಬೀಡ್ ಎನ್ನುತ್ತಾರೆ. ಅದರೊಳಗೆ ಉಕ್ಕಿನ ತಂತಿಗಳ ಬಳೆಯಿದೆ. ಆ ಬಳೆ ಹಿಗ್ಗುವುದಿಲ್ಲ. ರಿಮ್ಮಿನ ಹೊರ ಅಂಚಾದರೋ ಅದಕ್ಕಿಂತ ದೊಡ್ಡದು. ಹಾಗಾದರೆ ಚಿಕ್ಕ ಬಳೆಯೊಂದು ದೊಡ್ಡ ಅಂಚನ್ನು ದಾಟುವುದು ಹೇಗೆ? ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇರುತ್ತದೆ. ಬಳೆಯ ಒಂದು ಪಕ್ಕವನ್ನು ಆ ತಗ್ಗಿಗೆ ಇಳಿಸಿದರೆ ಎದುರು ಪಕ್ಕದಲ್ಲಿ ಅಷ್ಟು ಸಡಿಲ ಸಿಗುತ್ತದೆ, ಅದು ಅಂಚನ್ನು ದಾಟುತ್ತದೆ. ಟೈರು ಬಿಚ್ಚುವ, ಹಾಕುವ ವಿದ್ಯೆಯ ಸಾರವೆಲ್ಲ ಈ ತಗ್ಗಿನಲ್ಲಿದೆ. ಇದು ಬಲದ ಪ್ರಶ್ನೆಯಲ್ಲ, ರೇಖಾಗಣಿತದ ಪ್ರಶ್ನೆ.

ಸಾಮಾನ್ಯ ಟೈರಿನ ಪಕ್ಕೆ ಮೆತ್ತಗಿರುವುದರಿಂದ ಮೊಣಕಾಲಿನಿಂದ ಒತ್ತಿದರೂ ಅಂಚು ತಗ್ಗಿಗೆ ಇಳಿದು ಅಲ್ಲಿಯೇ ಇರುತ್ತದೆ. ರನ್‌ಫ್ಲಾಟ್ ಟೈರಿನ ಪಕ್ಕೆ ಬಿಗಿ. ಒತ್ತಿ ಬಿಟ್ಟರೆ ಸ್ಪ್ರಿಂಗಿನಂತೆ ಮೇಲೆ ಬರುತ್ತದೆ. ಅಂಚು ತಗ್ಗಿನಿಂದ ಮೇಲೆದ್ದದ್ದನ್ನು ಗಮನಿಸದೆ ಲಿವರನ್ನು ಎಳೆದರೆ, ಅಥವಾ ಯಂತ್ರವನ್ನು ತಿರುಗಿಸಿದರೆ, ಎಳೆತವೆಲ್ಲ ಆ ಉಕ್ಕಿನ ಬಳೆಯ ಮೇಲೆ ಬೀಳುತ್ತದೆ. ತಂತಿ ಮಡಚುತ್ತದೆ ಇಲ್ಲವೇ ಕಡಿಯುತ್ತದೆ; ಮೇಲಿನ ರಬ್ಬರು ಹರಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಟೈರು ಕೂರುತ್ತದೆ, ಗಾಳಿ ನಿಲ್ಲುತ್ತದೆ, ದುಡ್ಡು ಕೊಟ್ಟು ಕಾರು ಹೊರಡುತ್ತದೆ. ಗಾಯಗೊಂಡ ಆ ಅಂಚು ಮುಂದೆ ಯಾವ ವೇಗದಲ್ಲಿ, ಯಾವ ತಿರುವಿನಲ್ಲಿ ಕೈಕೊಡುತ್ತದೆಂದು ಹೇಳುವವರಾರು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಇದನ್ನು ತಡೆಯುವ ಕ್ರಮ ರಹಸ್ಯವೇನಲ್ಲ. ಮೊದಲು ವಾಲ್ವಿನ ಪಿನ್ನು ತೆಗೆದು ಗಾಳಿಯನ್ನು ಪೂರ್ತಿ ಬಿಡಬೇಕು. ಅಂಚನ್ನು ರಿಮ್ಮಿನಿಂದ ಬಿಡಿಸುವಾಗ ವಾಲ್ವಿನ ಹತ್ತಿರ ಒತ್ತಬಾರದು, ಏಕೆಂದರೆ ಅನೇಕ ಕಾರುಗಳಲ್ಲಿ ಗಾಳಿಯ ಒತ್ತಡವನ್ನು ತಿಳಿಸುವ ಸೆನ್ಸರು ವಾಲ್ವಿಗೆ ಅಂಟಿಕೊಂಡು ಒಳಗೇ ಇರುತ್ತದೆ. ಪಕ್ಕೆ ಕುಸಿಯದ ಟೈರಿನಲ್ಲಿ ಗಾಳಿ ಹೋದದ್ದು ಚಾಲಕನ ಅನುಭವಕ್ಕೆ ಬಾರದಿರುವುದರಿಂದ ಈ ಎಚ್ಚರಿಕೆಯ ವ್ಯವಸ್ಥೆಯಿಲ್ಲದೆ ರನ್‌ಫ್ಲಾಟ್ ಬಳಸುವಂತೆಯೇ ಇಲ್ಲ. ಅಂಚಿಗೂ ರಿಮ್ಮಿಗೂ ಟೈರಿಗೆಂದೇ ಇರುವ ಸಾಬೂನಿನಂಥ ಜಾರುಲೇಪವನ್ನು ಧಾರಾಳವಾಗಿ ಹಚ್ಚಬೇಕು. ಗ್ರೀಸು, ಎಂಜಿನ್ ಆಯಿಲ್, ಸೀಮೆಎಣ್ಣೆ ಕೂಡದು. ಅವು ರಬ್ಬರನ್ನು ಕೆಡಿಸುತ್ತವೆ. ಒಣಗದೆ ಉಳಿದು, ಬ್ರೇಕು ಹಾಕಿದಾಗ ಟೈರು ರಿಮ್ಮಿನ ಮೇಲೆಯೇ ಜಾರುವಂತೆ ಮಾಡುತ್ತವೆ. ಚಳಿಗೆ ಬಿಗಿದ ಟೈರನ್ನು ಮುಟ್ಟದೆ, ಅದು ಕೋಣೆಯ ಬಿಸುಪಿಗೆ ಬರುವವರೆಗೆ ಕಾಯಬೇಕು. ಅಂಚು ತಗ್ಗಿನಲ್ಲಿಯೇ ಉಳಿಯುವಂತೆ ಸುತ್ತಲೂ ಒತ್ತಿ ಹಿಡಿಯುವ ಸಹಾಯಕ ತೋಳು ಇರುವ ಯಂತ್ರ ಬೇಕು. ಬಿಗಿಯಾದ ಕಡೆ ಯಂತ್ರವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಲೇಪ ಹಚ್ಚಿ ಮುಂದುವರಿಯಬೇಕು. ಗಾಳಿ ತುಂಬಿ ಅಂಚನ್ನು ಕೂರಿಸುವಾಗ ಕಾರಿನ ಟೈರಿಗೆ 40 ಪಿಎಸ್‌ಐ ದಾಟಬಾರದು. ಕೂರದಿದ್ದರೆ ಇನ್ನಷ್ಟು ಗಾಳಿ ಹೊಡೆಯುವುದಲ್ಲ, ಗಾಳಿ ಬಿಟ್ಟು ಮೊದಲಿನಿಂದ ಆರಂಭಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಯಿಲ್ಲದೆ ಓಡಿದ ಟೈರನ್ನು ಬಿಚ್ಚಿ ಒಳಗೆ ನೋಡಬೇಕು. ಒಳಪಕ್ಕೆಯಲ್ಲಿ ಸುಕ್ಕು, ಬಣ್ಣಗೆಟ್ಟ ಪಟ್ಟೆ, ಉದುರಿದ ರಬ್ಬರಿನ ಪುಡಿ ಕಂಡರೆ ಆ ಟೈರಿನ ಆಯುಸ್ಸು ಮುಗಿದಂತೆ. ಹೊರಗಿನಿಂದಲೇ ರಬ್ಬರಿನ ಎಳೆ ತುರುಕಿ ಕಳುಹಿಸುವುದು ರಿಪೇರಿಯಲ್ಲ, ಕಣ್ಣಿಗೆ ಮಣ್ಣೆರಚುವುದು.

ಇಷ್ಟನ್ನೂ ನೆನಪಿಟ್ಟುಕೊಂಡು, ಸರಿಯಾದ ಕ್ರಮದಲ್ಲಿ, ಗಿರಾಕಿಯ ಒತ್ತಾಯದ ನಡುವೆ ಮಾಡುವವನನ್ನು ಅವಿದ್ಯಾವಂತ ಎನ್ನುವುದಾದರೆ ವಿದ್ಯೆ ಎಂಬ ಪದದ ಅರ್ಥವನ್ನೇ ಬದಲಾಯಿಸಬೇಕು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಂಗಡಿ ಹೆದ್ದಾರಿಯ ಪಕ್ಕದಲ್ಲಿದೆ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವನು. ಒಂದು ಭಾನುವಾರ ನಾನು ಅಲ್ಲಿದ್ದಾಗ ದುಬಾರಿ ಕಾರೊಂದು ಬಂದು ನಿಂತಿತು. ಅವನು ಟೈರಿನ ಪಕ್ಕೆಯನ್ನು ಬೆರಳಿನಿಂದ ಒತ್ತಿ, ಅದರ ಮೇಲಿನ ಅಕ್ಷರಗಳನ್ನು ಓದಿ, "ಸಾರ್, ಇದನ್ನ ಲಿವರ್ ಹಾಕಿ ಬಿಚ್ಚಿದ್ರೆ ಟೈರೂ ಹೋಗುತ್ತೆ, ಡಿಸ್ಕೂ ಹೋಗುತ್ತೆ. ನನ್ನ ಹತ್ರ ಇದಕ್ಕೆ ಬೇಕಾದ ಮಿಷಿನ್ ಇಲ್ಲ. ನಿಧಾನಕ್ಕೆ ಶಿವಮೊಗ್ಗಕ್ಕೆ ಹೋಗಿ, ಎಂಬತ್ತು ದಾಟಬೇಡಿ" ಎಂದ. ಕಾರಿನ ಯಜಮಾನರು ಒಪ್ಪಲಿಲ್ಲ. "ಇಷ್ಟು ಸಣ್ಣ ಕೆಲಸ ಬರಲ್ಲ ಅಂದ್ರೆ ಅಂಗಡಿ ಯಾಕೆ ಇಟ್ಟಿದ್ದೀಯ?" ಎಂದು ಗದರಿ ಮುಂದಿನ ಅಂಗಡಿಗೆ ಹೋದರು. ಅಲ್ಲಿ ಇಬ್ಬರು ಸೇರಿ ಲಿವರು ಹಾಕಿ ಬಿಚ್ಚಿ, ಪ್ಯಾಚು ಹಾಕಿ, ಮತ್ತೆ ಕೂರಿಸಿಕೊಟ್ಟರಂತೆ. ಅಂಚು ಹರಿದಿತ್ತು, ರಿಮ್ಮಿನ ತುಟಿ ಕಚ್ಚುಬಿದ್ದಿತ್ತು ಎಂಬ ಸುದ್ದಿ ಸಂಜೆ ಅಂಗಡಿಯಿಂದ ಅಂಗಡಿಗೆ ಬಂತು. ಅಂದು ಆ ಹುಡುಗ "ಆಗುವುದಿಲ್ಲ" ಎಂದದ್ದೇ ನಿಜವಾದ ವಿದ್ಯೆ. ಅದಕ್ಕೆ ಸಿಕ್ಕಿದ ಸಂಭಾವನೆ ಬೈಗುಳ; ಟೈರು ಕೆಡಿಸಿದವರಿಗೆ ಸಿಕ್ಕಿದ್ದು ಕೂಲಿ ಮತ್ತು ಮೇಲೊಂದಿಷ್ಟು ಭಕ್ಷೀಸು. ಇಂಥ ವ್ಯವಸ್ಥೆಯಲ್ಲಿ ಯಾವ ಹುಡುಗ ಎಷ್ಟು ದಿನ "ಆಗುವುದಿಲ್ಲ" ಎಂದಾನು?

ನಮ್ಮ ನಾಡಿಗೆ ಈ ವಿದ್ಯೆ ಹೊಸದೂ ಅಲ್ಲ. ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದನ್ನು ನನ್ನ ಓರಗೆಯವರು ಕಂಡಿದ್ದಾರೆ. ಕಮ್ಮಾರನು ಪಟ್ಟಿಯನ್ನು ಗಾಲಿಗಿಂತ ಕೊಂಚ ಚಿಕ್ಕದಾಗಿಯೇ ಬೆಸೆಯುತ್ತಿದ್ದ. ಬೆರಣಿ, ಸೌದೆ ಪೇರಿಸಿ ಸುತ್ತಲೂ ಸಮನಾಗಿ ಕಾಯಿಸುತ್ತಿದ್ದ. ಕಾದು ಹಿಗ್ಗಿದ ಪಟ್ಟಿಯನ್ನು ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ಗಾಲಿಯ ಮೇಲೆ ಕೂರಿಸಿದೊಡನೆ ನೀರು ಹೊಯ್ಯುತ್ತಿದ್ದರು. ಪಟ್ಟಿ ಕುಗ್ಗಿ, ಗಾಲಿಯ ಕೀಲುಗಳೆಲ್ಲ ಬಿಗಿಯುತ್ತಿದ್ದವು. ಚಿಕ್ಕ ಬಳೆಯನ್ನು ದೊಡ್ಡ ಅಂಚಿನ ಮೇಲೆ ಹಾಕುವ ಅದೇ ಸಮಸ್ಯೆಗೆ ಆ ಕಮ್ಮಾರ ಬೆಂಕಿಯಿಂದ ಉತ್ತರ ಕಂಡುಕೊಂಡಿದ್ದ. ತಣ್ಣನೆಯ ಪಟ್ಟಿಯನ್ನು ಸುತ್ತಿಗೆಯಿಂದ ಬಡಿದು ಏರಿಸಲು ಹೊರಟವನನ್ನು ಊರು ಕಮ್ಮಾರನೆಂದು ಕರೆಯುತ್ತಿರಲಿಲ್ಲ. ಅಂದು ಆ ಕೆಲಸವನ್ನು ಅವಸರಪಡಿಸುವ ಧೈರ್ಯ ಗೌಡರಿಗೂ ಇರಲಿಲ್ಲ. ಉಪಾಯ ಬಲ್ಲವನಿಗೆ ಅಪಾಯವಿಲ್ಲ ಎಂದರು ಹಿರಿಯರು. ಆದರೆ ಆ ಉಪಾಯವನ್ನು ಅಪ್ಪ ಮಗನಿಗೆ, ಗುರು ಶಿಷ್ಯನಿಗೆ ಅವರ ಮಾತಿನಲ್ಲಿಯೇ ಕಲಿಸುತ್ತಿದ್ದರು.

ಇಂದಿನ ಟೈರಿನ ಉಪಾಯವನ್ನು ನಮ್ಮ ಹುಡುಗರಿಗೆ ಯಾರು ಕಲಿಸಿದ್ದಾರೆ? ರನ್‌ಫ್ಲಾಟ್ ಎಂದು ಗುರುತಿಸುವುದೇ ಒಂದು ಪರೀಕ್ಷೆ. ಬ್ರಿಜ್‌ಸ್ಟೋನ್ ಅದನ್ನು ಆರ್‌ಎಫ್‌ಟಿ ಎನ್ನುತ್ತದೆ, ಮಿಶೆಲಿನ್ ಝಡ್‌ಪಿ ಎನ್ನುತ್ತದೆ, ಕಾಂಟಿನೆಂಟಲ್ ಎಸ್‌ಎಸ್‌ಆರ್ ಎನ್ನುತ್ತದೆ, ಗುಡ್‌ಇಯರ್ ಆರ್‌ಒಎಫ್ ಎನ್ನುತ್ತದೆ. ಕಪ್ಪು ರಬ್ಬರಿನ ಮೇಲೆ ಕಪ್ಪು ಅಕ್ಷರ, ಅದೂ ಇಂಗ್ಲಿಷಿನಲ್ಲಿ. ತರಬೇತಿ ಪಡೆದವರು ಮಾತ್ರ ಟೈರು ಹಾಕಬೇಕೆಂಬ ಎಚ್ಚರಿಕೆ ಅನೇಕ ಟೈರುಗಳ ಪಕ್ಕೆಯಲ್ಲಿಯೇ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಓದಲಾಗದವನಿಗೆ ಎಚ್ಚರಿಕೆ ಕೊಟ್ಟು ಹೊಣೆ ಕಳೆದುಕೊಳ್ಳುವ ಜಾಣತನವಿದು. ಜರ್ಮನಿಯಲ್ಲಾದರೆ ರಬ್ಬರು ಉದ್ಯಮದ ಸಂಘವೇ ರನ್‌ಫ್ಲಾಟ್ ಟೈರು ಹಾಕುವ, ತೆಗೆಯುವ ಕ್ರಮವನ್ನು ಹಂತಹಂತವಾಗಿ ಬರೆದು ಪ್ರಕಟಿಸಿದೆ. ಅಲ್ಲಿ ಟೈರಿನ ಕೆಲಸ ಮೂರು ವರ್ಷ ಕಲಿತು, ಪರೀಕ್ಷೆ ಬರೆದು ತೇರ್ಗಡೆಯಾಗಬೇಕಾದ ವೃತ್ತಿ. ಟೈರು ಅಲ್ಲಿಂದ ಬಂತು; ಅದರ ಹಿಂದಿನ ಮೂರು ವರ್ಷಗಳ ಕಲಿಕೆ ಬರಲಿಲ್ಲ.

"ತರೀಕೆರೆಗೆ ಇಂಥ ಕಾರುಗಳು ಎಷ್ಟು ಬರುತ್ತವೆ? ಸಿರಿವಂತರ ಟೈರಿಗೆ ನಿಮಗೇಕೆ ಈ ಚಿಂತೆ?" ಎಂದು ಕೇಳುವವರಿದ್ದಾರೆ. ನನ್ನ ಚಿಂತೆ ಸಿರಿವಂತರ ಟೈರಿನದಲ್ಲ. ಟ್ಯೂಬ್‌ಲೆಸ್ ಟೈರು, ಅಲಾಯ್ ಚಕ್ರ ಎಲ್ಲವೂ ಮೊದಲು ಸಿರಿವಂತರದೇ ಆಗಿದ್ದವು. ಇಂದು ಮೇಷ್ಟರ ಕಾರಿನಲ್ಲಿಯೂ ಇವೆ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿತು. ಸ್ಟೆಪ್ನಿ ಇಲ್ಲದ ಕಾರುಗಳು ಹೆಚ್ಚಿದಷ್ಟೂ ರಸ್ತೆಬದಿಯ ಅಂಗಡಿಯ ಹೊಣೆ ಹೆಚ್ಚುತ್ತದೆ.

ಎರಡನೆಯ ಕಾರಣ ಇನ್ನೂ ಗಂಭೀರ. ಕಾರಿನ ಟೈರು ಕೆಟ್ಟರೆ ಹಣ ಹೋದೀತು. ಲಾರಿಯ ಚಕ್ರ ಕೆಟ್ಟರೆ ಬಿಚ್ಚುವವನ ಜೀವವೇ ಹೋಗಬಹುದು. ಹಳೆಯ ಮಾದರಿಯ ಲಾರಿ ಚಕ್ರಗಳಲ್ಲಿ ಟೈರನ್ನು ಹಿಡಿದಿಡಲು ಲಾಕ್ ರಿಂಗ್ ಎಂಬ ಕಬ್ಬಿಣದ ಬಳೆ ಇರುತ್ತದೆ. ತುಕ್ಕು ಹಿಡಿದ, ಸೊಟ್ಟಗಾದ, ಬೇರೆ ಚಕ್ರದಿಂದ ತಂದು ಹಾಕಿದ ರಿಂಗು ಗಾಳಿ ತುಂಬುವಾಗ ಸಿಡಿದರೆ ಎದುರಿಗಿರುವವನಿಗೆ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ. ಗಾಳಿ ತುಂಬುವಾಗ ಚಕ್ರವನ್ನು ಕಬ್ಬಿಣದ ಪಂಜರದೊಳಗೆ ಇಡಬೇಕು, ಉದ್ದನೆಯ ಪೈಪಿನಿಂದ ದೂರ ನಿಂತು ಗಾಳಿ ಹೊಡೆಯಬೇಕು. ಹೆದ್ದಾರಿಯುದ್ದಕ್ಕೂ ನೋಡಿಕೊಂಡು ಹೋಗಿ. ಎಷ್ಟು ಅಂಗಡಿಗಳ ಮುಂದೆ ಆ ಪಂಜರ ಕಾಣುತ್ತದೆಂದು ನೀವೇ ಎಣಿಸಿ. ಅಮೆರಿಕದಲ್ಲಿ 1980ರಲ್ಲಿಯೇ ಇಂಥ ಚಕ್ರಗಳ ಕೆಲಸಕ್ಕೆ ಕಾನೂನು ಬಂತು. ತರಬೇತಿ ಕಡ್ಡಾಯ, ತಡೆಪಂಜರ ಕಡ್ಡಾಯ. ಆ ಕಾನೂನಿನಲ್ಲಿ ನನ್ನ ಗಮನ ಸೆಳೆದ ಒಂದು ಮಾತಿದೆ: ಕೆಲಸಗಾರನಿಗೆ ಗೋಡೆಯ ಮೇಲಿನ ಸೂಚನಾಪಟ ಓದಲು ಬಾರದಿದ್ದರೆ, ಅವನಿಗೆ ಅರ್ಥವಾಗುವ ರೀತಿಯಲ್ಲಿ ಅದನ್ನು ಕಲಿಸುವುದು ಮಾಲೀಕನ ಹೊಣೆ. ಓದಲು ಬಾರದಿರುವುದನ್ನು ಅಲ್ಲಿ ಬೈಗುಳವಾಗಿಸಲಿಲ್ಲ, ಕಲಿಸುವವನ ಕರ್ತವ್ಯವಾಗಿಸಿದರು.

ನಮ್ಮಲ್ಲಿ? 1948ರ ಕಾರ್ಖಾನೆಗಳ ಕಾಯ್ದೆ, ವಿದ್ಯುತ್ ಬಳಸುವ ಕಡೆ ಹತ್ತು ಕೆಲಸಗಾರರಿದ್ದರೆ ಅದನ್ನು ಕಾರ್ಖಾನೆ ಎಂದು ಪರಿಗಣಿಸಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆ ಆ ಗೆರೆಯನ್ನು ಇಪ್ಪತ್ತಕ್ಕೆ ಏರಿಸಿತು. ಇಬ್ಬರು ಕೆಲಸ ಮಾಡುವ ಪಂಕ್ಚರ್ ಅಂಗಡಿ ಹತ್ತರ ಗೆರೆಗೂ ಸಿಗಲಿಲ್ಲ, ಇಪ್ಪತ್ತರ ಗೆರೆಗೂ ಸಿಗುವುದಿಲ್ಲ. ಕಾನೂನಿನ ಕಣ್ಣಿಗೆ ಆ ಹುಡುಗ ಇಲ್ಲವೇ ಇಲ್ಲ.

"ಯಂತ್ರಕ್ಕೆ ದುಡ್ಡು ಎಲ್ಲಿಂದ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಹಾಯಕ ತೋಳಿನ ಯಂತ್ರವನ್ನು ಪ್ರತಿ ಅಂಗಡಿಯೂ ಕೊಳ್ಳಲಾರದು. ಆದರೆ ಪಿನ್ನು ತೆಗೆಯುವುದಕ್ಕೆ, ವಾಲ್ವಿನಿಂದ ದೂರ ಒತ್ತುವುದಕ್ಕೆ, ಗ್ರೀಸು ಹಚ್ಚದಿರುವುದಕ್ಕೆ, 40 ಪಿಎಸ್‌ಐಗೆ ನಿಲ್ಲಿಸುವುದಕ್ಕೆ, ಟೈರಿನ ಒಳಗೆ ಕಣ್ಣು ಹಾಯಿಸುವುದಕ್ಕೆ ಯಾವ ಬಂಡವಾಳ ಬೇಕು? ತನ್ನಿಂದಾಗದ ಕೆಲಸವನ್ನು ಗುರುತಿಸಿ ಮುಂದಿನ ಊರಿಗೆ ಕಳುಹಿಸಲು ಬೇಕಾದದ್ದು ತಿಳಿವಳಿಕೆಯೊಂದೇ. ಯಂತ್ರದ ಮಾತೇ ಆದರೆ, ತಾಲ್ಲೂಕಿಗೊಂದು ಐಟಿಐಯಲ್ಲಿ ಒಂದು ಯಂತ್ರ ಇಟ್ಟು, ವಾರಕ್ಕೊಂದು ದಿನ ಅಂಗಡಿಯ ಹುಡುಗರನ್ನು ಕರೆದು ಕಲಿಸಿದರೆ ಸರ್ಕಾರ ದಿವಾಳಿಯಾಗದು.

ಕನ್ನಡದ ವಿಚಾರವನ್ನೂ ಹೇಳಲೇಬೇಕು. 2024ರಲ್ಲಿ ಕಾಯ್ದೆ ತಿದ್ದಿ, ಅಂಗಡಿಯ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದೆವು. ಸಂತೋಷ. ಆದರೆ ಫಲಕದ ಕೆಳಗೆ ಕೂತು ಕೆಲಸ ಮಾಡುವವನ ಕೈಗೆ ಬರುವ ಜ್ಞಾನದಲ್ಲಿ ಕನ್ನಡ ಶೇಕಡಾ ಎಷ್ಟು? ಮೈಸೂರಿನಲ್ಲಿ ವಿಕ್ರಾಂತ್ ಎಂಬ ಹೆಸರಿನಿಂದ ಆರಂಭವಾಗಿ 1997ರಲ್ಲಿ ಜೆ.ಕೆ. ಸಮೂಹಕ್ಕೆ ಸೇರಿದ ಟೈರು ಕಾರ್ಖಾನೆ ನಮ್ಮ ನೆಲದಲ್ಲಿಯೇ ಇದೆ. ಟೈರು ಕನ್ನಡನಾಡಿನಲ್ಲಿ ಹುಟ್ಟಬಹುದಾದರೆ, ಅದನ್ನು ಹಾಕುವ ಕ್ರಮ ಕನ್ನಡದಲ್ಲಿ ಹುಟ್ಟಬಾರದೇಕೆ?

ಹೀಗೆಂದ ಕೂಡಲೇ ಯಾವುದೋ ಕಚೇರಿಯಲ್ಲಿ ಸಮಿತಿ ಕೂತು ರನ್‌ಫ್ಲಾಟ್ ಟೈರಿಗೆ "ವಾಯುರಹಿತ ಚಲನಕ್ಷಮ ಚಕ್ರವೇಷ್ಟನ" ಎಂದು ಹೆಸರಿಟ್ಟೀತೆಂಬ ಭಯವೂ ನನಗಿದೆ! ದಯವಿಟ್ಟು ಬೇಡ. ಅಂಗಡಿಯ ಹುಡುಗರು ಟೈರು, ಡಿಸ್ಕು, ಬೀಡು, ಪಿನ್ನು ಎನ್ನುತ್ತಾರೆ. ಆ ಪದಗಳು ಈಗಾಗಲೇ ಕನ್ನಡವೇ. ಅವರ ಮಾತಿನಲ್ಲಿ, ಚಿತ್ರಗಳೊಡನೆ, ಗ್ರೀಸು ತಾಗಿದರೂ ಒರೆಸಿಕೊಳ್ಳಬಹುದಾದ ಒಂದು ಹಾಳೆ ಸಾಕು. ನಮ್ಮ ಹೆದ್ದಾರಿಗಳ ಅಂಗಡಿಗಳಲ್ಲಿ ಕೇರಳದಿಂದ ಬಂದವರೂ ಅನೇಕರಿದ್ದಾರೆ; ಹಾಳೆಯ ಹಿಂಬದಿಯಲ್ಲಿ ಮಲಯಾಳವೂ ಇರಲಿ, ಉರ್ದುವೂ ಇರಲಿ. ಲಕ್ಷಗಟ್ಟಲೆ ಬೆಲೆಯ ಕಾರು ಮಾರುವ ಕಂಪನಿಗಳಿಗೆ ಇಂಥ ಹಾಳೆಯನ್ನು ಅಚ್ಚು ಹಾಕಿಸಿ ಅಂಗಡಿಗಳಿಗೆ ಹಂಚುವ ಖರ್ಚು ಎಷ್ಟರದು?

ಕಾರಿನ ಯಜಮಾನರಲ್ಲಿಯೂ ಒಂದು ಮಾತು. ಡಾಕ್ಟರು "ಇದು ನನ್ನ ಕೈಯಲ್ಲಿ ಆಗುವುದಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ" ಎಂದರೆ ಕೈಮುಗಿದು ಹೊರಡುತ್ತೀರಿ. ಅದೇ ಮಾತನ್ನು ಪಂಕ್ಚರ್ ಅಂಗಡಿಯವನು ಹೇಳಿದರೆ ಸಿಟ್ಟಾಗುತ್ತೀರಿ. ಅವನು ಕೇಳಿದಷ್ಟು ಸಮಯ ಕೊಡಿ. ಟೈರು ಬಿಚ್ಚಿ ಒಳಗೆ ನೋಡಿದ್ದಕ್ಕೆ, ಪ್ಯಾಚು ಹಾಕದೆ ವಾಪಸು ಕಳುಹಿಸಿದ್ದಕ್ಕೂ ಕೂಲಿ ಕೊಡಿ. ಮುಂದೆ ನಿಮ್ಮ ಹೆಂಡತಿ ಮಕ್ಕಳು ಕೂತು ಹೋಗುವುದು ಅದೇ ಟೈರಿನ ಮೇಲೆ.

ಇನ್ನು ಇಂದಿಗೂ ಪಾಠ ಹೇಳುತ್ತಿರುವ ನನ್ನ ವೃತ್ತಿಬಾಂಧವರಲ್ಲಿ ಬಿನ್ನಹ. ಆ ಬೈಗುಳವನ್ನು ಕೈಬಿಡಿ. ನಿಮ್ಮ ತರಗತಿಯಲ್ಲಿ ಕೂತವರಲ್ಲಿ ಕೆಲವರು ನಾಳೆ ಆ ಅಂಗಡಿಗಳನ್ನು ನಡೆಸುತ್ತಾರೆ. ಒತ್ತಡ, ಘರ್ಷಣೆ, ಶಾಖದಿಂದ ಹಿಗ್ಗುವಿಕೆಯ ಪಾಠ ಬಂದಾಗ ಒಂದು ದಿನ ಮಕ್ಕಳನ್ನು ಹತ್ತಿರದ ಪಂಕ್ಚರ್ ಅಂಗಡಿಗೆ ಕರೆದುಕೊಂಡು ಹೋಗಿ. ಚಿಕ್ಕ ಬಳೆ ದೊಡ್ಡ ಅಂಚನ್ನು ದಾಟುವುದು ಹೇಗೆಂದು ಅಲ್ಲಿರುವವನಿಂದಲೇ ಹೇಳಿಸಿ. ಅರ್ಧ ಗಂಟೆಯ ಮಟ್ಟಿಗೆ ಅವನು ಮೇಷ್ಟ್ರಾಗಲಿ, ನೀವು ಮಕ್ಕಳ ಸಾಲಿನಲ್ಲಿ ನಿಂತು ಕೇಳಿ.